ಆರು ವರ್ಷ ಶೆಡ್ಡಿನ್ಯಾಗ ನಿಂತ ಮಿನಿ ಟ್ರ್ಯಾಕ್ಟರ್: ಎಲ್ಲಿಂದ ಕೈ ಹಚ್ಚಬೇಕು?

ಕಾಗಿಣಾ_ದಂಡಿ (ಸೇಡಂ)

ಎಲ್ಲಾರಿಗೂ ನಮಸ್ಕಾರ್ರಿ. ಹಳೆ ಮಿತ್ಸುಬಿಷಿ ಶಕ್ತಿ 180-ಡಿ ಒಂದು ತಗೊಂಡೀನಿ. ಮೂರು ಸಿಲಿಂಡರ್, 18.5 ಎಚ್‌ಪಿ. ಆರು ವರ್ಷದಿಂದ ಪತ್ರಾಸ್ ಶೆಡ್ಡಿನ್ಯಾಗ ನಿಂತಿತ್ತು. ಎರಡು ಎಕರೆ ಪೇರಲ ತೋಟ, ಮೂರು ಎಕರೆ ತೊಗರಿಗೆ ಎಡಿ ಹೊಡಿಲಿಕ್ಕ ಬೇಕು. ಗಾಡಿ ಸ್ಥಿತಿ ಹಿಂಗದ:

ಇಂಜಿನ್ ಜಾಮ್. ಮುಂದಿನ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ತಿರುವಿದ್ರ ಕೂದಲೆಳಿಯಷ್ಟೂ ಹಂದಲ್ಲ. ಸೈಲೆನ್ಸರ್ ಬಾಯಿಗೆ ಮುಚ್ಚಳ ಇದ್ದಿಲ್ಲ, ಮ್ಯಾಲಿನ ಪತ್ರಾಸ್ ಸೋರ್ತಿತ್ತು. ರೇಡಿಯೇಟರಿಗೆ ಬೋರಿನ ನೀರೇ ಹಾಕ್ಯಾರ, ಬಾಯಿ ತೆಗದ್ರ ಒಳಗ ಬಿಳಿ ಸುಣ್ಣ ಹೆಪ್ಪಗಟ್ಟ್ಯಾದ. ಟಾಕಿಯೊಳಗ ಅರ್ಧ ಹಳೆ ಡೀಸೆಲ್, ವಾರ್ನಿಶ್ ವಾಸನಿ ಹೊಡಿತದ, ತಳದಾಗ ಕರಿ ಲೋಳಿ. ಗೇರ್‌ಬಾಕ್ಸ್ ಎಣ್ಣಿ ನೋಡಿದ್ರ ಹಾಲು ಹಾಕಿದ ಚಾ ಇದ್ದಂಗದ. ಕ್ಲಚ್ ಒತ್ತಿ ಗೇರಿನ್ಯಾಗ ಇಟ್ಟು ನೂಕಿದ್ರೂ ಗಾಡಿ ಸರಿಯಂಗಿಲ್ಲ, ಅಂದ್ರ ಪ್ಲೇಟ್ ಅಂಟಿರಬೇಕು. ವೈರಿಂಗ್ ಇಲಿ ತಿಂದಾವ. ಟಯರ್ ನಾಲ್ಕೂ ಗಾಳಿ ಹಿಡಿತಾವ.

ಊರಿನ ಮಿಸ್ತ್ರಿ "ಪೂರ್ತಿ ಬಿಚ್ಚಿ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ, ಪಿಸ್ಟನ್ ಸೆಟ್ ಹಾಕೋಣ" ಅಂತಾನ. ಅಷ್ಟಕ್ಕ ಹೋಗೋದು ಬೇಕಾ? ಮೊದಲು ಏನು ನೋಡಬೇಕು ಹೇಳ್ರಿ.

ಪಾನಾ_ಹದಿನೇಳು (ಕಲಬುರಗಿ)

ಬಿಚ್ಚೋದು ಕಡಿಗಿ ಕೆಲಸರೀ, ಮೊದಲಿನದಲ್ಲ. ನಿಂತು ಜಾಮ್ ಆದ ಇಂಜಿನ್ ಬ್ಯಾರೆ, ಓಡಿ ಸವೆದು ಜಾಮ್ ಆದದ್ದು ಬ್ಯಾರೆ. ನಿಮ್ಮದು ತುಕ್ಕಿನ ಜಾಮ್. ಸೈಲೆನ್ಸರ್ ಬಾಯಿ ತೆರದಿತ್ತು ಅಂದ್ರ ಇಂಜಿನ್ ನಿಂತಾಗ ಯಾವ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರದಿತ್ತೋ ಅದರೊಳಗ ನೀರು ಇಳಿದದ. ಉಳಿದ ಎರಡು ಚಲೋ ಇರೋದೇ ಹೆಚ್ಚು.

ಮೂರೂ ಇಂಜೆಕ್ಟರ್, ಮೂರೂ ಹೀಟರ್ ಪ್ಲಗ್ (ಚಾಲೂ ಮಾಡೋಕಿಂತ ಮುಂಚೆ ಒಳಗ ಕಾಯಿಸೋವು) ತಗೀರಿ. ತೆಗೆಯೋಕಿಂತ ಮುಂಚೆ ಸುತ್ತಲಿನ ಧೂಳು ಬ್ರಶ್ಶಿನಿಂದ ಕೆದರಿ ಹವಾ ಹೊಡೀರಿ. ಒಂದು ಉಸುಕಿನ ಕಾಳು ಒಳಗ ಬಿದ್ರ ಲೈನರಿಗೆ, ಅಂದ್ರ ಸಿಲಿಂಡರಿನ ಒಳಗೋಡಿಗೆ, ಗೀರು ಗ್ಯಾರಂಟಿ. ಹೀಟರ್ ಪ್ಲಗ್ ತುಕ್ಕು ಹಿಡಿದು ಬಿಗಿ ಇದ್ರ ಜೋರು ಹಾಕಬ್ಯಾಡ್ರಿ, ತುದಿ ಒಳಗೇ ಮುರೀತದ. ತುಕ್ಕು ಬಿಡಿಸೋ ಎಣ್ಣಿ ಬಿಟ್ಟು ಒಂದು ರಾತ್ರಿ ಬಿಡ್ರಿ, ಆಮ್ಯಾಲ ಕಾಲು ಸುತ್ತು ಸಡಿಲು, ಕಾಲು ಸುತ್ತು ಬಿಗಿ, ಹಿಂಗ ಆಡಿಸ್ಕೋತ ತಗೀರಿ.

ಎಟಿಎಫ್ ಎಣ್ಣಿ (ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋದು), ಅಸಿಟೋನ್ ಎರಡೂ ಸಮ ಸಮ ಬೆರೆಸಿ ಒಂದೊಂದು ಸಿಲಿಂಡರಿಗೆ 25–30 ಎಂಎಲ್ ಸಿರಿಂಜಿನಿಂದ ಬಿಡ್ರಿ. ಇವೆರಡೂ ಕೂಡಿ ನಿಲ್ಲಂಗಿಲ್ಲ, ಪ್ರತಿ ಸಲ ಬಾಟ್ಲಿ ಅಲುಗಾಡಿಸಿ ಬಿಡಬೇಕು. ಬೀಡಿ, ವೆಲ್ಡಿಂಗ್ ದೂರ. ಮೂರು ದಿನ, ದಿನಕ್ಕ ಎರಡು ಸಲ ಬಿಡ್ರಿ. ಎಣ್ಣಿ ಇಳಿದು ಹೋಗೋ ಸಿಲಿಂಡರ್ ಜಾಮ್ ಇಲ್ಲ. ಯಾವುದರೊಳಗ ಹಂಗೇ ನಿಲ್ತದೋ ಅದೇ ತುಕ್ಕಿನ ಮನಿ.

ನಾಲ್ಕನೇ ದಿನ ಪುಲ್ಲಿ ಬೋಲ್ಟಿಗೆ ಉದ್ದ ಹಿಡಿಕಿ ಹಾಕಿ ಬಿಗಿಯೋ ದಿಕ್ಕಿಗೆ ಒತ್ತಿ ಹಿಡೀರಿ. ಜಗ್ಗಬ್ಯಾಡ್ರಿ, ಭಾರ ಹಾಕಿ ಒಂದು ನಿಮಿಷ ಹಿಡಿದು ಬಿಡ್ರಿ. ಒಂದು ಅಕ್ಕಿಕಾಳಿನಷ್ಟು ಹಂದಿತು ಅಂದ್ರ ಕೆಲಸ ಮುಗೀತು ಅಂತ ತಿಳೀರಿ, ಅಲ್ಲಿಂದ ಹಿಂದ ಮುಂದ ಆಡಿಸ್ಕೋತ ಹೋಗೋದಷ್ಟೇ.

ಮೂರು ತಪ್ಪು ಮಾತ್ರ ಮಾಡಬ್ಯಾಡ್ರಿ. ಸೆಲ್ಫ್ ಹೊಡೆದು ಬಿಡಿಸೋದು: ಮೋಟಾರೂ ಸುಡ್ತದ, ರಿಂಗ್ ಗೇರಿನ ಹಲ್ಲೂ ಹೋಗ್ತಾವ. ಇನ್ನೊಂದು ಟ್ರ್ಯಾಕ್ಟರಿಗೆ ಕಟ್ಟಿ ಗೇರಿನ್ಯಾಗ ಇಟ್ಟು ಎಳೆಯೋದು: ಕನೆಕ್ಟಿಂಗ್ ರಾಡ್ ಬಾಗೋದೇ ಹಿಂಗ. ಮೂರನೇದು, ಎಣ್ಣಿ ಒಳಗಿರುವಾಗ ಇಂಜೆಕ್ಟರ್ ಹಾಕಿ ತಿರುವೋದು. ಎಣ್ಣಿ ಗಾಳಿಯಂಗ ಕುಗ್ಗಂಗಿಲ್ಲ, ಅಲ್ಲೂ ರಾಡೇ ಬಾಗ್ತದ. ಪ್ಲಗ್ ಇಂಜೆಕ್ಟರ್ ಹೊರಗಿರುವಾಗಲೇ ಪೂರ್ತಿ ತಿರುವಿ ಎಣ್ಣಿ ಹೊರಗ ಹಾಕ್ರಿ. ತೂತಿನ ಮುಂದ ಮಾರಿ ಒಡ್ಡಬ್ಯಾಡ್ರಿ, ಪಿಚಕಾರಿಯಂಗ ಹಾರ್ತದ.

ಇನ್ನೊಂದು. ಪೂರ್ತಿ ಸುತ್ತು ತಿರುವೋಕಿಂತ ಮುಂಚೆ ಟ್ಯಾಪೆಟ್ ಕವರ್ ಬಿಚ್ಚಿ ಆರೂ ವಾಲ್ವ್ ನೋಡ್ಕೊಳ್ರಿ. ಕೆಳಗ ಹೋದ ವಾಲ್ವ್ ತಿರುಗಿ ಮ್ಯಾಲ ಬರ್ಬೇಕು. ಬರದೇ ಅಲ್ಲೇ ಕುಂತ್ರ ಮುಂದ ತಿರುವಬ್ಯಾಡ್ರಿ, ಪಿಸ್ಟನ್ ಬಂದು ಗುದ್ದತದ.

ಈ ದಿನಗಳಾಗ ಕ್ಲಚ್ ಪೆಡಲ್ ಪೂರ್ತಿ ಒತ್ತಿ ಒಂದು ಕಟ್ಟಿಗಿ ತುಂಡು ಕೊಟ್ಟು ಬಿಡ್ರಿ. ಪ್ರೆಶರ್ ಪ್ಲೇಟ್ ಹಿಂದ ಸರಿದು ನಿಂತ್ರ ಅಂಟಿದ ಪ್ಲೇಟ್ ತಾನೇ ಬಿಡೋದುಂಟು, ರೊಕ್ಕ ಏನು ಬೀಳಂಗಿಲ್ಲ.

ಜಂಬಿಟ್ಟಿಗೆ (ಬೀದರ್)

ಇಂಜಿನ್ ಬಿಡಿಸುವ ಕ್ರಮ ಮೇಲೆ ಬಂದಿದೆ. ನಾನು ನೀರಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಸೇಡಂ ಕಡೆಯ ಗಾಡಿಗಳಲ್ಲಿ ಹೆಚ್ಚು ಹಾಳಾಗುವುದು ಅದರಿಂದಲೇ. ವಾಡಿ, ಮಳಖೇಡ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಸುಮ್ಮನೆ ಬಂದು ಕೂತಿಲ್ಲ, ನೆಲದಡಿ ಸುಣ್ಣಕಲ್ಲು. ಆ ಕಲ್ಲಿನ ನಡುವಿನಿಂದ ಬರುವ ಬೋರಿನ ನೀರು ಕಾದಾಗ ಸುಣ್ಣ ಬಿಡುತ್ತದೆ. ಚಹಾ ಕಾಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಲೈನರಿನ ಹೊರಮೈಗೂ ಕಟ್ಟುತ್ತದೆ. ರೇಡಿಯೇಟರ್ ಬದಲಿಸಿದರೂ ಬ್ಲಾಕಿನೊಳಗಿನ ಪದರ ಹಾಗೇ ಉಳಿದರೆ ಶಾಖ ಲೋಹದಿಂದ ನೀರಿಗೆ ದಾಟುವುದಿಲ್ಲ. ಮೀಟರು ನೀರಿನ ಉಷ್ಣತೆಯನ್ನಷ್ಟೇ ತೋರಿಸುತ್ತದೆ, ಹೆಡ್ ಒಳಗೊಳಗೇ ಕಾಯುತ್ತಿರುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿಯ ಬಿಸಿಲು ಬೇರೆ.

ಮಾಡಬೇಕಾದದ್ದು ಇಷ್ಟು. ರೇಡಿಯೇಟರ್ ಕೆಳಗಿನ ನಲ್ಲಿಯ ಜೊತೆಗೆ ಬ್ಲಾಕಿನ ಪಕ್ಕದ ನಲ್ಲಿಯನ್ನೂ ತೆರೆಯಿರಿ. ಎರಡನೆಯದನ್ನು ಯಾರೂ ತೆರೆಯುವುದಿಲ್ಲ. ತೆರೆದರೂ ನೀರು ಬರದಿದ್ದರೆ ಕೆಸರು ಕಟ್ಟಿದೆ ಎಂದರ್ಥ, ತಂತಿ ಹಾಕಿ ಚುಚ್ಚಿ. ಥರ್ಮೋಸ್ಟಾಟ್ (ನೀರು ಕಾಯುವ ತನಕ ರೇಡಿಯೇಟರಿನ ದಾರಿ ಮುಚ್ಚಿಡುವ ವಾಲ್ವ್) ತೆಗೆದಿಟ್ಟು ಸಾದಾ ನೀರು ತುಂಬಿ, ಎಷ್ಟು ಲೀಟರ್ ಹಿಡಿಯಿತು ಎಂದು ಅಳೆದು ಬರೆದಿಟ್ಟುಕೊಳ್ಳಿ. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಬಿಸಿನೀರಲ್ಲಿ ಕರಗಿಸಿ ತುಂಬಿ. ಇಂಜಿನ್ ಓಡುವ ಸ್ಥಿತಿಗೆ ಬಂದ ಮೇಲೆ ಇದನ್ನು ಮಾಡಿದರೆ ಒಳ್ಳೆಯದು: ಅರ್ಧ ಗಂಟೆ ಸಣ್ಣ ವೇಗದಲ್ಲಿ ಓಡಿಸಿ, ಬಿಸಿ ಇರುವಾಗಲೇ ಹೊರಬಿಡಿ. ಹಳದಿ, ಕಂದು ಬಣ್ಣದ ಗಸಿ ಬರುತ್ತದೆ. ಪದರ ದಪ್ಪಗಿದ್ದರೆ ಇನ್ನೊಂದು ಸಲ. ಕೊನೆಗೆ ಅಡುಗೆ ಸೋಡಾ ಲೀಟರಿಗೆ ಒಂದು ಚಮಚ ಹಾಕಿದ ನೀರಿನಿಂದ ತೊಳೆದು, ಬಳಿಕ ಎರಡು ಸಲ ಸಾದಾ ನೀರು. ಆಸಿಡ್ ಅಂಗಡಿಯ ಮ್ಯೂರಿಯಾಟಿಕ್ ಆಸಿಡ್ ಸಲಹೆ ಕೊಡುವವರಿದ್ದಾರೆ, ಕಿವಿಗೊಡಬೇಡಿ. ರೇಡಿಯೇಟರಿನ ಬೆಸುಗೆಯನ್ನೇ ತಿನ್ನುತ್ತದೆ. ನಿಂಬೆ ಉಪ್ಪನ್ನೂ ರಾತ್ರಿಯಿಡೀ ಬಿಡಬಾರದು, ಥರ್ಮೋಸ್ಟಾಟಿನ ಮನೆಯಂಥ ಅಲ್ಯೂಮಿನಿಯಂ ಭಾಗಗಳಿಗೆ ಅದು ಆಗಿಬರುವುದಿಲ್ಲ.

ಆಮೇಲೆ ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ. ಇನ್ನು ಮುಂದೆ ಬೋರಿನ ನೀರು ಒಂದು ಲೋಟವೂ ಬೇಡ.

ಥರ್ಮೋಸ್ಟಾಟ್ ವಿಷಯದಲ್ಲಿ ಒಂದು ಮಾತು. "ಬಿಸಿಲು ನಾಡು, ಅದೇಕೆ ಬೇಕು" ಎಂದು ಕಿತ್ತೆಸೆಯುವ ರೂಢಿ ನಮ್ಮಲ್ಲಿದೆ. ಇದು ಇಂಡೈರೆಕ್ಟ್ ಇಂಜೆಕ್ಷನ್ ಇಂಜಿನ್, ಅಂದರೆ ಡೀಸೆಲ್ ಮೊದಲು ಹೆಡ್ಡಿನ ಸಣ್ಣ ಕೋಣೆಯಲ್ಲಿ ಉರಿಯುವಂಥದ್ದು. ತಣ್ಣಗೆ ಓಡಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಬಿಳಿ ಹೊಗೆ, ಲೈನರಿನ ಎಣ್ಣೆ ತೊಳೆದು ಹೋಗುವುದು, ಎಣ್ಣೆಗೆ ಡೀಸೆಲ್ ಬೆರೆಯುವುದು ಎಲ್ಲ ಶುರುವಾಗುತ್ತದೆ. ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಸಿ ನೋಡಿ. ಅದರ ಮೇಲೆ ಒತ್ತಿರುವ ಡಿಗ್ರಿಗೆ ಬಾಯಿ ಬಿಡಲು ಶುರುಮಾಡಿ, ಇನ್ನು ಹತ್ತು ಹನ್ನೆರಡು ಡಿಗ್ರಿಯೊಳಗೆ ಪೂರ್ತಿ ತೆರೆದರೆ ಸರಿ ಇದೆ.

ಕಾಲುವಿ_ಬಾಜು (ಶಹಾಪುರ, ಯಾದಗಿರಿ ಜಿಲ್ಲಾ)

ಗೇರ್‌ಬಾಕ್ಸಿನ ಚಾ ಬಣ್ಣದ ಎಣ್ಣಿ ಬಗ್ಗಿ. ಅದು ಹೊಲಸಾದ ಎಣ್ಣಿ ಅಲ್ಲ, ನೀರು ಬೆರೆತ ಎಣ್ಣಿ. ಒಂದೋ ಗೇರ್ ಲಿವರಿನ ರಬ್ಬರ್ ಬೂಟ್ ಹರಿದದ, ಇಲ್ಲಾ ಗಾಡಿ ಕೆಸರು ಗದ್ದಿಯೊಳಗ ದುಡಿದು ಬಂದದ. ನಮ್ಮ ನಾರಾಯಣಪುರ ಎಡದಂಡೆ ಕಾಲುವಿ ಕೆಳಗ ಭತ್ತಕ್ಕ ರೊಳ್ಳಿ ಮಾಡಿದ ಗಾಡಿಗಳೇ ಮಾರಾಟಕ್ಕ ಹೊರಗ ಹೋಗೋದು. ಕೆಸರು ಆಕ್ಸಲ್ ಸೀಲಿನ ತುಟಿಗೆ ಅರದಂಗ ಕೆಲಸ ಮಾಡ್ತದ. ಹಿಂದಿನ ಗಾಲಿ ತೆಗೆದು ಬ್ರೇಕ್ ಡ್ರಮ್ ಒಳಗ ನೋಡ್ರಿ. ಎಣ್ಣಿ ಅಂಟು ಅದ ಅಂದ್ರ ಸೀಲ್ ಹೋಗ್ಯದ, ಲೈನಿಂಗೂ ಎಣ್ಣಿ ಕುಡದಿರ್ತದ. ಎಣ್ಣಿ ಕುಡದ ಲೈನಿಂಗ್ ಸೀಮೆಎಣ್ಣಿಲೆ ತೊಳೆದ್ರ ಎರಡು ದಿನ ಹಿಡಿತದ, ಮೂರನೇ ದಿನ ಮತ್ತ ಅದೇ. ಬದಲಿ ಮಾಡ್ರಿ. ಎರಡೂ ಕಡಿ ಕೂಡೇ ಮಾಡ್ರಿ, ಇಲ್ಲಾಂದ್ರ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡಿ ಜಗ್ಗತದ.

ಸೀಲ್, ಬೇರಿಂಗ್ ತರೋವಾಗ "ಇಂಥಾ ಗಾಡೀದು ಕೊಡ್ರಿ" ಅಂತ ಕೇಳಬ್ಯಾಡ್ರಿ. ಸೀಲಿನ ಮೈಮ್ಯಾಲ ಮೂರು ಅಂಕಿ ಇರ್ತಾವ: ಒಳಗಿನ ಅಳತಿ, ಹೊರಗಿನ ಅಳತಿ, ದಪ್ಪ. 35–52–8 ಅಂತ ಇದ್ರ ಒಳಗ 35 ಎಂಎಂ, ಹೊರಗ 52, ದಪ್ಪ 8. ಬೇರಿಂಗಿಗೂ ನಂಬರ್ ಇರ್ತದ. 6205 ಅಂದ್ರ ಜಗತ್ತಿನ ಯಾವ ಅಂಗಡ್ಯಾಗಾದ್ರೂ 25 ಒಳಗ, 52 ಹೊರಗ, 15 ಅಗಲ. ನಂಬರ್ ಹಿಡಕೊಂಡು ಹೋದ್ರ ಕಲಬುರಗ್ಯಾಗೇ ಸಿಗ್ತದ, ಇಲ್ಲಾಂದ್ರ ಸಿಕಂದರಾಬಾದಿನ ರಾಣಿಗಂಜ್. ನಂಬರ್ ಅಳಿಸಿದ್ರ ವರ್ನಿಯರ್ ಹಿಡಿದು ಅಳೀರಿ. ಸೀಲ್ ಕೂಡೋ ಜಾಗಾದಾಗ ಶಾಫ್ಟಿಗೆ ಉಗುರು ಸಿಗೋವಷ್ಟು ಗೆರಿ ಬಿದ್ದಿದ್ರ ಹೊಸ ಸೀಲೂ ಸೋರ್ತದ. ಆಗ ಸೀಲ್ 2 ಎಂಎಂ ಒಳಗ ಅಥವಾ ಹೊರಗ ಕೂಡಿಸ್ರಿ, ತುಟಿ ಹೊಸ ಜಾಗಾದ ಮ್ಯಾಲ ಓಡ್ಲಿ.

ನೀರು ಬೆರೆತ ಎಣ್ಣಿ ಒಂದೇ ಸಲ ಹೋಗಂಗಿಲ್ಲ. ಗಾಡಿ ಓಡಾಡಿ ಎಣ್ಣಿ ಬಿಸಿ ಆದಾಗ ಇಳಿಸ್ರಿ, ಅಗ್ಗದ ಎಣ್ಣಿ ಹಾಕಿ ಅರ್ಧ ತಾಸು ಲಿಫ್ಟ್ ಏರಿಸಿ ಇಳಿಸಿ ಓಡಿಸ್ರಿ, ಅದನ್ನೂ ಚೆಲ್ರಿ. ಆಮ್ಯಾಲ ಕಂಪನಿ ಪುಸ್ತಕದಾಗ ಬರೆದ ಗ್ರೇಡ್ ಹಾಕ್ರಿ. ಹೈಡ್ರಾಲಿಕ್ ಇದೇ ಎಣ್ಣಿ ಎಳಕೋತದೋ ಇಲ್ಲೋ ಅದೂ ಪುಸ್ತಕದಾಗೇ ಇರ್ತದ. ಎಳಕೋತಿದ್ರ ಸಕ್ಷನ್ ಜಾಳಿಗಿ ಬಿಚ್ಚಿ ತೊಳೆಯೋದು ಮರೀಬ್ಯಾಡ್ರಿ. ಲಿಫ್ಟ್ ಏರಂಗಿಲ್ಲ ಅಂತ ಪಂಪ್ ಬದಲಿ ಮಾಡಿಸೋರು ಭಾಳ, ಜಾಳಿಗಿ ನೋಡೋರು ಕಡಿಮಿ. ಲಿಫ್ಟ್ ಏರಿ, ಇಂಜಿನ್ ಬಂದ್ ಮಾಡಿದ ಕೂಡ್ಲೇ ದಪ್ ಅಂತ ಇಳಿದ್ರ ಪಂಪಿನ ತಪ್ಪಲ್ಲ, ಹೆಚ್ಚಾಗಿ ಲಿಫ್ಟ್ ಪಿಸ್ಟನ್ನಿನ ಓ-ರಿಂಗ್.

ಮತ್ತ ತೊಗರಿ ಎಡಿ ಅಂದ್ರಿ. ಹಿಂದಿನ ಟಯರ್ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪ್ ಹಿಡೀರಿ. ಸಾಲಿನ ಅಂತರದಾಗ ಒಂದು ಫೂಟ್ ಕಳೆದು ಉಳಿದದ್ದಕ್ಕಿಂತ ಗಾಡಿ ಅಗಲ ಇದ್ರ ಟೊಂಗಿ ಮುರೀತಾವ. ನಾಲ್ಕು ಫೂಟಿನ ಸಾಲಿಗೆ ಮೂರು ಫೂಟಿನ ಗಾಡಿ, ಹಿಂಗ ಲೆಕ್ಕ. ಗಾಲಿ ಡಿಸ್ಕ್ ತಿರುಗಿಸಿ ಹಾಕಿದ್ರ ಅಗಲ ಒಂದಿಷ್ಟು ಕಡಿಮಿ ಆಗ್ತದ, ಆದ್ರ ಟಯರಿನ ಬಾಣದ ಗುರುತು ಮುಂದಕ್ಕೇ ಇರಬೇಕು. ಅದಕ್ಕೂ ಆಗದಿದ್ರ ಬರೋ ಮುಂಗಾರಿಗೆ ಸಾಲು ಐದು ಫೂಟಿಗೆ ಬಿತ್ರಿ. ಎರಿ ಹೊಲ ಹಸಿ ಇದ್ದಾಗ ಇಳಿಸಲೇಬ್ಯಾಡ್ರಿ, ಮಣ್ಣು ಮುದ್ದಿ ಗಾಲಿಗಿ ಸುತ್ತಿ ಗಾಡಿ ಹೊಟ್ಟಿ ಮ್ಯಾಲ ಕೂಡ್ತದ.

ಕೆಎ_38 (ಭಾಲ್ಕಿ)

ಕಾಗದದ ಮಾತು ಯಾರೂ ಎತ್ತಿಲ್ಲ. ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ತಂತಿ ಬ್ರಶ್ಶಿನಿಂದಲ್ಲ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಆರ್‌ಸಿ ಜೊತೆ ತಾಳೆ ನೋಡಿ. ಹೆಸರು ಬದಲಾವಣೆಗೆ ಫಾರ್ಮ್ 29, 30. ಬ್ಯಾಂಕಿನ ಸಾಲ ಆರ್‌ಸಿಯಲ್ಲಿ ಇನ್ನೂ ಕಾಣುತ್ತಿದ್ದರೆ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ. ನೋಂದಣಿಗೆ 15 ವರ್ಷ ದಾಟಿದ್ದರೆ ಫಾರ್ಮ್ 25ರಲ್ಲಿ ನವೀಕರಣ, ಅದಕ್ಕೆ ಗಾಡಿ ಓಡಿಸಿಕೊಂಡು ಹೋಗಿ ತೋರಿಸಬೇಕು. ಉದಗೀರ, ಜಹೀರಾಬಾದ್ ಕಡೆಯಿಂದ ಬಂದ ಗಾಡಿಯಾದರೆ ಆ ರಾಜ್ಯದ ಆರ್‌ಟಿಓ ಕಚೇರಿಯ ಎನ್‌ಓಸಿ, ಫಾರ್ಮ್ 28, ಮೊದಲು ಕೈಗೆ ಬರಲಿ. ಅದು ಬರುವ ತನಕ ದೊಡ್ಡ ಖರ್ಚಿಗೆ ಕೈ ಹಾಕಬೇಡಿ.

ಕಾಗಿಣಾ_ದಂಡಿ

ಕೆಎ_38 ಅಣ್ಣಾ, ನಮ್ಮ ಕಲಬುರಗಿ ಕೆಎ-32 ಗಾಡಿನೇ ಅದ, ಸಾಲ ಏನಿಲ್ಲ.

ಇಂಜಿನ್ ಬಿಟ್ಟದ! ಐದನೇ ದಿನ. ನಡುವಿನ ಸಿಲಿಂಡರಿನ್ಯಾಗೇ ಎಣ್ಣಿ ನಿಂತಿತ್ತು. ವಾಲ್ವ್ ಎಲ್ಲಾ ಮ್ಯಾಲ ಕೆಳಗ ಆಗ್ತಾವ. ಡೀಸೆಲ್ ಇಂಜಿನಿನ ಕಂಪ್ರೆಶನ್ ಗೇಜ್ ತರಿಸಿ ಹೀಟರ್ ಪ್ಲಗ್ ತೂತಿನಿಂದ ಸಿಲಿಂಡರಿನ ಒಳ ಒತ್ತಡ (ಕಂಪ್ರೆಶನ್) ನೋಡಿದೆ. ಮೂರು ಸಿಲಿಂಡರಿಗೆ 27, 17, 26 ಬಾರ್. ಈಗ ಮಿಸ್ತ್ರಿ "ನೋಡ್ರಿ, ನಾ ಹೇಳಿದ್ನಲ್ಲ, ನಡುವಿನ ರಿಂಗ್ ಹೋಗ್ಯಾವ" ಅಂತಾನ.

ಪಾನಾ_ಹದಿನೇಳು

ರಿಂಗ್ ಅನ್ನೋಕಿಂತ ಮುಂಚೆ ಒಂದು ಪರೀಕ್ಷಾ ಅದ. ನಡುವಿನ ಸಿಲಿಂಡರಿಗೆ 2 ಎಂಎಲ್ ಇಂಜಿನ್ ಎಣ್ಣಿ ಬಿಟ್ಟು ಮತ್ತ ಗೇಜ್ ಹಾಕ್ರಿ. ಎರಡೇ ಎಂಎಲ್. ಡೀಸೆಲ್ ಇಂಜಿನಿನ ಮ್ಯಾಲಿನ ಜಾಗಾ ಭಾಳ ಸಣ್ಣದು, ಹೆಚ್ಚು ಎಣ್ಣಿ ಬಿಟ್ರ ಸುಳ್ಳು ಲೆಕ್ಕ ತೋರಿಸ್ತದ. 17 ಇದ್ದದ್ದು 23–24ಕ್ಕ ಏರಿದ್ರ ರಿಂಗ್. ಏರದೇ ಅಲ್ಲೇ ನಿಂತ್ರ ವಾಲ್ವ್, ಇಲ್ಲಾ ಹೆಡ್ ಗ್ಯಾಸ್ಕೆಟ್. ಸೆಲ್ಫ್ ಎಷ್ಟು ಜೋರು ತಿರುಗ್ತದ ಅನ್ನೋದರ ಮ್ಯಾಲೂ ಅಂಕಿ ಹೆಚ್ಚು ಕಡಿಮಿ ಆಗ್ತದ, ಅದಕ್ಕ ಒಂದೇ ಬ್ಯಾಟರಿ, ಪೂರ್ತಿ ಚಾರ್ಜ್ ಇಟ್ಟು ನೋಡ್ರಿ. ಇನ್ನೊಂದು, ನೀರು ಇಳಿದದ್ದು ಎಕ್ಸಾಸ್ಟ್ ದಾರಿಲೆ. ನನ್ನ ಸಂಶಯ ಆ ವಾಲ್ವಿನ ಮ್ಯಾಲೇ.

ಜೊತಿಗೆ ಆರೂ ಟ್ಯಾಪೆಟ್ ಗ್ಯಾಪ್ (ವಾಲ್ವ್ ಕಡ್ಡಿಗೂ ಅದನ್ನ ಒತ್ತೋ ರಾಕರಿಗೂ ನಡುವಿನ ಸಂದು) ಫೀಲರ್ ಗೇಜಿಲೆ ಅಳೀರಿ, ಇಂಜಿನ್ ತಣ್ಣಗಿದ್ದಾಗ. ಯಾವ ಸಿಲಿಂಡರ್ ನೋಡ್ತೀರೋ ಅದರ ಇನ್ಲೆಟ್ ವಾಲ್ವ್ ತೆರದು ಮುಚ್ಚಿದ ಮ್ಯಾಲ ಇನ್ನ ಅರ್ಧ ಸುತ್ತು ಹತ್ತಿರ ತಿರುವಿ, ಎರಡೂ ರಾಕರ್ ಕೈಲೆ ಅಲುಗಾಡೋ ಜಾಗಾಕ್ಕ ತಂದು ಅಳೀರಿ. ಬರೇ ಅಳೀರಿ, ಏನೂ ತಿದ್ದಬ್ಯಾಡ್ರಿ. ಅಂಕಿ ಇಲ್ಲಿ ಹಾಕ್ರಿ.

ಕಾಗಿಣಾ_ದಂಡಿ

ಎಣ್ಣಿ ಬಿಟ್ಟ ಮ್ಯಾಲ 18. ಅಂದ್ರ ಏರಿಲ್ಲ.

ಟ್ಯಾಪೆಟ್ ಗ್ಯಾಪ್, ಎಂಎಂ ಲೆಕ್ಕದಾಗ: ಒಂದನೇದು ಇನ್ಲೆಟ್ 0.25, ಎಕ್ಸಾಸ್ಟ್ 0.30. ಎರಡನೇದು ಇನ್ಲೆಟ್ 0.25, ಎಕ್ಸಾಸ್ಟ್ 0.50. ಮೂರನೇದು 0.25, 0.25. ಎರಡನೇದರ ಎಕ್ಸಾಸ್ಟ್ ಗ್ಯಾಪ್ ಬಿಗಿ ಮಾಡಿ 0.25ಕ್ಕ ತರ್ಲಾ?

ಪಾನಾ_ಹದಿನೇಳು

ತರಬ್ಯಾಡ್ರಿ! ಈ 0.50 ನಿಮಗ ಸಿಕ್ಕ ಸುಳಿವು, ಅದನ್ನ ಅಳಿಸಬ್ಯಾಡ್ರಿ.

ವಾಲ್ವ್ ಸೀಟಿನ ಮ್ಯಾಲ ಪೂರ್ತಿ ಕೂತ್ರ ಅದರ ಕಡ್ಡಿ ಮ್ಯಾಲ ಬಂದಿರ್ತದ. ಸೀಟಿನ ಮ್ಯಾಲ ತುಕ್ಕಿನ ಚಕ್ಕಿ ಕುಂತು ವಾಲ್ವ್ ಪೂರ್ತಿ ಮುಚ್ಚದಿದ್ರ ಕಡ್ಡಿ ಕೆಳಗೇ ಉಳೀತದ, ರಾಕರಿಗೂ ಕಡ್ಡಿಗೂ ನಡುವಿನ ಗ್ಯಾಪ್ ಹೆಚ್ಚಾಗ್ತದ. ನಿಮ್ಮದು ಅದೇ. ಸೀಟ್ ಸವೆದು ವಾಲ್ವ್ ಒಳಗ ಇಳಿದಿದ್ರ ಗ್ಯಾಪ್ ಕಡಿಮಿ ಆಗಬೇಕಿತ್ತು. ಈಗ ನೀವು 0.25ಕ್ಕ ಬಿಗಿ ಮಾಡಿ ಓಡಿಸಿದ್ರ, ಆ ಚಕ್ಕಿ ಎರಡು ತಾಸಿನ್ಯಾಗ ಉದುರಿ ಹೋಗ್ತದ, ವಾಲ್ವ್ ಮ್ಯಾಲ ಬರ್ತದ, ಗ್ಯಾಪ್ ಸೊನ್ನಿ. ವಾಲ್ವ್ ಮುಚ್ಚದೇ ಉರಿ ಸೋರಿ ಅಂಚು ಸುಟ್ಟು ಹೋಗ್ತದ. ಚಲೋ ವಾಲ್ವ್ ಕೈಯಾರೆ ಸುಟ್ಟಂಗ.

ಮಾಡೋದು ಹಿಂಗ. ಎರಡನೇ ಸಿಲಿಂಡರಿನ ಪಿಸ್ಟನ್ ನಡು ದಾರ್ಯಾಗ ಇರೋ ಹಂಗ ತಿರುವಿ ನಿಲ್ಲಿಸ್ರಿ. ಮ್ಯಾಲ ಇರಬಾರದು, ವಾಲ್ವಿಗೆ ಕೆಳಗ ಇಳಿಲಿಕ್ಕ ಜಾಗಾ ಬೇಕು. ಆ ಎಕ್ಸಾಸ್ಟಿನ ರಾಕರ್ ಸಡಿಲು ಮಾಡಿ ಬಾಜುಕ ಸರಸ್ರಿ. ಕಡ್ಡಿಯ ಬುಡಕ್ಕ ತುಕ್ಕಿನ ಎಣ್ಣಿ ನಾಲ್ಕು ಹನಿ. ಒಂದು ಹಿತ್ತಾಳಿ ಸಳಿ ಕಡ್ಡಿ ತಲಿ ಮ್ಯಾಲ ನೆಟ್ಟಗ ಇಟ್ಟು ಸಣ್ಣ ಸುತ್ತಿಗಿಲೆ ಟಕ್ ಅಂತ ಹೊಡೀರಿ. ವಾಲ್ವ್ ಮೂರು ನಾಲ್ಕು ಎಂಎಂ ಇಳಿದು ಸ್ಪ್ರಿಂಗಿನ ಜೋರಿಲೆ ಪಟ್ ಅಂತ ವಾಪಸ್ ಕೂಡ್ತದ, ಆ ಹೊಡ್ತಕ್ಕ ಚಕ್ಕಿ ಪುಡಿ ಆಗ್ತದ. ನಲವತ್ತು ಐವತ್ತು ಸಲ. ಮೊದಲು ಸಪ್ಪಳ ಬೊದ್ದ ಅಂತ ಬರ್ತದ, ಸೀಟ್ ಸ್ವಚ್ಛ ಆದಂಗ ಗಂಟಿ ಹೊಡೆದಂಗ ಸ್ಪಷ್ಟ ಆಗ್ತದ. ಕಿವಿಗೇ ಗೊತ್ತಾಗ್ತದ. ಸೊಟ್ಟ ಹೊಡಿಬ್ಯಾಡ್ರಿ, ಮ್ಯಾಲಿನ ಕಾಟರ್ (ಸ್ಪ್ರಿಂಗ್ ಹಿಡಿದಿಡೋ ಕೀಲು) ಹಾರಿತಂದ್ರ ವಾಲ್ವ್ ಒಳಗ ಬೀಳ್ತದ. ಕಣ್ಣಿಗೆ ಚಷ್ಮಾ ಇರ್ಲಿ.

ಆಮ್ಯಾಲ ಗ್ಯಾಪ್ ಮತ್ತ ಅಳೀರಿ. 0.30ರ ಹತ್ತಿರ ಬಂದ್ರ ಗೆದ್ದಂಗ, ಆಗ ಪುಸ್ತಕದ ಅಳತಿಗಿ ಹೊಂದಿಸ್ರಿ. 0.40ರ ಮ್ಯಾಲೇ ನಿಂತ್ರ ಮಾತ್ರ ಹೆಡ್ ಇಳಿಸಿ ಲ್ಯಾಪಿಂಗ್ ಪೇಸ್ಟ್ ಹಾಕಿ ವಾಲ್ವ್ ಮಸೀಬೇಕು. ಅಲ್ಲಿಗೂ ಬೋರ್, ಪಿಸ್ಟನ್ ಮಾತು ಬರಂಗಿಲ್ಲ.

ಕಾಗಿಣಾ_ದಂಡಿ

ಸಪ್ಪಳ ಖರೆನೇ ಬದಲಾತು. ಗ್ಯಾಪ್ 0.30ಕ್ಕ ಬಂದದ, ಪುಸ್ತಕದ ಪ್ರಕಾರ 0.25 ಇಟ್ಟೆ. ಕಂಪ್ರೆಶನ್ ಈಗ 24. ಟಾಕಿ ಇಳಿಸಿ ತೊಳದೀನಿ, ಫಿಲ್ಟರ್ ಹೊಸದು. ಇಂಜೆಕ್ಟರ್ ಕಲಬುರಗಿ ಪಂಪ್ ಅಂಗಡ್ಯಾಗ ನೋಡಿಸಿದೆ, ಒಂದು ನಾಜಲ್ ತೊಟ್ಟಿಕ್ಕತಿತ್ತು, ಬದಲಿ ಮಾಡ್ಯಾರ. ಹೀಟರ್ ಪ್ಲಗ್ ಹೆಂಗ ನೋಡೋದು? ಮತ್ತ ಮೊದಲ ಸಲ ಚಾಲೂ ಮಾಡುವಾಗ ಏನು ಎಚ್ಚರ?

ಜಂಬಿಟ್ಟಿಗೆ

ಪ್ಲಗ್‌ಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಒಂದೊಂದನ್ನೇ ಬೇರೆಯಾಗಿ ನೋಡಬೇಕು. ಪಟ್ಟಿ ಇರುವಾಗ ನೋಡಿದರೆ ಒಂದು ಒಳ್ಳೆಯದಿದ್ದರೂ ಎಲ್ಲ ಒಳ್ಳೆಯದೆಂದೇ ತೋರುತ್ತದೆ. ಮಲ್ಟಿಮೀಟರಿನಲ್ಲಿ 1 ಓಮ್ ಆಸುಪಾಸು ಬಂದರೆ ಸರಿ, ಏನೂ ಬರದಿದ್ದರೆ ಒಳಗಿನ ತಂತಿ ಕಡಿದಿದೆ. ಹೊಸದು ತರುವಾಗ ಹಳೆಯದರ ಮೇಲೆ ಒತ್ತಿದ ವೋಲ್ಟ್ ಓದಿ. ಡ್ಯಾಶ್ ಬೋರ್ಡಿನಲ್ಲಿ ಕೆಂಪಗೆ ಕಾಯುವ ಸುರುಳಿ ಇರುವ ಹಳೆ ಗಾಡಿಗಳಲ್ಲಿ ಒಂದಿಷ್ಟು ವೋಲ್ಟ್ ಆ ಸುರುಳಿಗೇ ಹೋಗುತ್ತದೆ, ಅದಕ್ಕಾಗಿ ಪ್ಲಗ್ 12ಕ್ಕಿಂತ ಕಡಿಮೆ ವೋಲ್ಟಿನದಿರುತ್ತದೆ. ಸುರುಳಿ ತೆಗೆದು ನೇರ ತಂತಿ ಕೊಟ್ಟರೆ ಅವು ಬೇಗ ಸುಡುತ್ತವೆ. ಮೂರು ಪ್ಲಗ್ ಸೇರಿ 30 ಆಂಪಿಯರ್ ಹತ್ತಿರ ಎಳೆಯುತ್ತವೆ. ಇಲಿ ತಿಂದ ಜಾಗಕ್ಕೆ ಮನೆಯ ದೀಪದ ವೈರು ಗಂಟು ಹಾಕಬೇಡಿ, 6 ಚದರ ಎಂಎಂ ವೈರ್ ಹಾಕಿ. ಇಂಜಿನ್ನಿಂದ ಚಾಸಿಗೆ ಬರುವ ಅರ್ಥಿಂಗ್ ಪಟ್ಟಿಯ ಎರಡೂ ತುದಿ ಲೋಹ ಹೊಳೆಯುವ ಹಾಗೆ ಉಜ್ಜಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ತುದಿಯಲ್ಲಿ 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ. ಅಲ್ಲಿ ಸರಿಯಿದ್ದು ಸೆಲ್ಫ್ ಮಾತ್ರ ನಿಧಾನ ತಿರುಗಿದರೆ ಕೇಬಲ್ ಅಥವಾ ಅರ್ಥಿಂಗ್.

ಪಾನಾ_ಹದಿನೇಳು

ಮೊದಲ ಸಲ ಚಾಲೂ ಮಾಡೋದರಾಗ ಒಂದೇ ದೊಡ್ಡ ಭಯ: ಆರು ವರ್ಷ ನಿಂತ ಡೀಸೆಲ್ ಪಂಪಿನ ರ್‍ಯಾಕ್ (ಡೀಸೆಲ್ ಎಷ್ಟು ಹೋಗಬೇಕಂತ ಹಿಡಿತದಾಗ ಇಡೋ ಸಳಿ) ಫುಲ್ ಡೀಸೆಲ್ ಕೊಡೋ ಜಾಗಾದಾಗೇ ಅಂಟಿರಬಹುದು. ಚಾಲೂ ಆದ ಕೂಡ್ಲೇ ಇಂಜಿನ್ ಓಡ್ಕೋತ ಮ್ಯಾಲ ಮ್ಯಾಲ ಹೋಗ್ತದ, ಎಕ್ಸಿಲೇಟರ್ ಬಿಟ್ರೂ ಇಳಿಯಂಗಿಲ್ಲ, ಚಾವಿ ಬಂದ್ ಮಾಡಿದ್ರೂ ಉಪಯೋಗ ಇಲ್ಲ. ಅದಕ್ಕ ಮುಂಚೇನೇ ಬಂದ್ ಮಾಡೋ ಲಿವರ್ ಜಗ್ಗಿ ಬಿಟ್ಟು ನೋಡ್ರಿ, ಪಂಪಿನ ಬಾಜುಕ ಅದರ ತೋಳು ಹೋಗಿ ತಾನೇ ವಾಪಸ್ ಬರಬೇಕು. ಆ ತೋಳು ಬಂದ್ರೂ ಒಳಗಿನ ರ್‍ಯಾಕ್ ಬಂದಿಲ್ಲದಿರಬಹುದು. ಆದ್ದರಿಂದ ಏರ್ ಕ್ಲೀನರ್ ಪೈಪ್ ಬಿಚ್ಚಿ ಇಟ್ಟು, ಇನ್ಲೆಟ್ ಬಾಯಿ ಪೂರ್ತಿ ಮುಚ್ಚೋ ಅಷ್ಟು ಅಗಲದ ಹಲಗಿ ತುಂಡು ಒಬ್ಬರ ಕೈಯಾಗ ಕೊಟ್ಟು ನಿಲ್ಲಿಸ್ರಿ. ಏರಿತಂದ್ರ ಹಲಗಿ ಒತ್ತಬೇಕು, ಗಾಳಿ ಇಲ್ಲದೇ ನಿಲ್ತದ. ಅಂಗೈ, ಬಟ್ಟಿ ಬ್ಯಾಡ, ಎಳಕೋತದ. ಇನ್ನೊಂದು ಪಾನಾ ಇಂಜೆಕ್ಟರ್ ಪೈಪಿನ ನಟ್ಟಿಗೆ ಹೊಂದೋದು ಬಾಜುಕ ಇರ್ಲಿ.

ಏರ್ ತೆಗೆಯೋ ಕ್ರಮ: ಮೊದಲು ಫಿಲ್ಟರಿನ ಮ್ಯಾಲಿನ ಸ್ಕ್ರೂ, ಆಮ್ಯಾಲ ಪಂಪಿನದು, ಗುಳ್ಳಿ ನಿಲ್ಲೋತನ. ಕಡಿಗಿ ಮೂರೂ ಇಂಜೆಕ್ಟರ್ ನಟ್ಟು ಒಂದು ಸುತ್ತು ಸಡಿಲು ಬಿಟ್ಟು ಸೆಲ್ಫ್ ಹೊಡೀರಿ, ಡೀಸೆಲ್ ಪುಚ್ ಪುಚ್ ಅಂತ ಬಂದ ಮ್ಯಾಲ ಬಿಗೀರಿ. ಆ ಧಾರಕ್ಕ ಬೆರಳು ಒಡ್ಡಬ್ಯಾಡ್ರಿ, ಚರ್ಮ ತೂರಿ ಒಳಗ ಹೋಗ್ತದ. ಬಂದ್ ಲಿವರ್ ಜಗ್ಗಿ ಹಿಡಿದು ಹತ್ತು ಸೆಕೆಂಡ್ ಸೆಲ್ಫ್ ಹೊಡೀರಿ, ನಿಲ್ಲಿಸ್ರಿ, ಮತ್ತ ಹೊಡೀರಿ, ಎಣ್ಣಿ ಪ್ರೆಶರ್ ಬತ್ತಿ ಆರೋತನ. ಆಮ್ಯಾಲ ಹೀಟರ್ 20 ಸೆಕೆಂಡ್, ಲಿವರ್ ಬಿಡ್ರಿ, ಹೊಡೀರಿ. ಮೊದಲ ಹತ್ತು ನಿಮಿಷ ಬಿಳಿ ನೀಲಿ ಹೊಗಿ ಬರ್ತದ, ಒಳಗ ಬಿಟ್ಟ ಎಣ್ಣಿ ಸುಡೋದು, ಅಂಜಬ್ಯಾಡ್ರಿ. ಅರ್ಧ ತಾಸಿನ ಮ್ಯಾಲೂ ನೀಲಿ ಬಂದ್ರ ಬರೀರಿ.

ಇಂಜಿನ್ ಎಣ್ಣಿ 15ಡಬ್ಲ್ಯೂ-40, ಎಣ್ಣಿ ಅಳೆಯೋ ಕಡ್ಡಿ ಗುರುತಿನ ತನಕ. ಹತ್ತು ತಾಸು ಓಡಿದ ಮ್ಯಾಲ ಎಣ್ಣಿ, ಫಿಲ್ಟರ್ ಎರಡೂ ಬದಲಿ. ಅವತ್ತೇ ಆ ಎರಡನೇ ಎಕ್ಸಾಸ್ಟ್ ಗ್ಯಾಪ್ ತಣ್ಣಗಿದ್ದಾಗ ಮತ್ತ ಅಳೀರಿ. ಉಳಿದ ಚೂರು ಚಕ್ಕಿ ಉದುರಿ 0.20ಕ್ಕ ಇಳಿದಿರಬಹುದು, ಇಳಿದ್ರ 0.25ಕ್ಕ ಬಿಡ್ರಿ. ಕ್ಲಚ್ ಇನ್ನೂ ಬಿಟ್ಟಿಲ್ಲ ಅಂದ್ರ, ಇಂಜಿನ್ ಬಿಸಿ ಮಾಡಿ ಖಾಲಿ ಹೊಲದಾಗ ಮ್ಯಾಲಿನ ಗೇರಿನ್ಯಾಗ ಓಡಿಸ್ಕೋತ ಪೆಡಲ್ ಪೂರ್ತಿ ಒತ್ತಿ ಎರಡೂ ಬ್ರೇಕ್ ಕೂಡೇ ಹೊಡೀರಿ. ಮುಂದ ಗ್ವಾಡಿ, ಬಾವಿ, ಮಂದಿ ಇರಬಾರದು.

ಕಾಗಿಣಾ_ದಂಡಿ

ಚಾಲೂ ಆತು ನೋಡ್ರಿ! ಹಲಗಿ ಬೇಕಾಗಲಿಲ್ಲ. ಎರಡನೇ ಬ್ರೇಕಿಗೇ ಕ್ಲಚ್ ಟಪ್ ಅಂತ ಬಿಡ್ತು. ಹೊಗಿ ಇಪ್ಪತ್ತು ನಿಮಿಷಕ್ಕ ನಿಂತದ. ನಿಂಬಿ ಉಪ್ಪಿನ ನೀರು ಇಳಿಸಿದ್ರ ಸಿಮೆಂಟ್ ಹಾಲಿನಂಗ ಬಂತು, ಇನ್ನೊಂದು ಸಲ ಹಾಕ್ತೀನಿ. ಬಣ್ಣ ಹೊಡೀಬೇಕಂತ ಮನ್ಯಾಗ ಹುಡುಗರು ಗಂಟ ಬಿದ್ದಾವ. ಹೊಡೀಲಾ?

ಜಂಬಿಟ್ಟಿಗೆ

ಹೊಡೆಯಿರಿ, ಆದರೆ ಹತ್ತು ತಾಸಿನ ಎಣ್ಣೆ ಬದಲಾವಣೆ ಆದ ಮೇಲೆ. ಎಲ್ಲಿ ಸೋರುತ್ತದೆ ಎಂಬುದು ಬಣ್ಣವಿಲ್ಲದ ಕಬ್ಬಿಣದ ಮೇಲೆ ಚೆನ್ನಾಗಿ ಕಾಣುತ್ತದೆ. ಹೊಡೆಯುವಾಗ ನಾಲ್ಕು ಜಾಗಕ್ಕೆ ಮೊದಲು ಟೇಪ್ ಅಂಟಿಸಿ: ರೇಡಿಯೇಟರ್ ಜಾಳಿಗೆ, ಅರ್ಥಿಂಗ್ ಪಟ್ಟಿಯ ಬುಡ, ಚಾಸಿ ನಂಬರ್, ಮತ್ತು ನೀರಿನ ಪಂಪಿನ ಕೆಳಗಿರುವ ಸಣ್ಣ ತೂತು. ಆ ತೂತಿನಿಂದ ಹನಿ ಬಿದ್ದರೆ ಪಂಪಿನ ಸೀಲ್ ಹೋಗಿದೆ ಎಂದು ಗೊತ್ತಾಗುವುದು. ಬಣ್ಣ ಕೂತು ಅದು ಮುಚ್ಚಿದರೆ ನೀರು ಹಿಂದಕ್ಕೆ ಬೇರಿಂಗಿಗೆ ಹೋಗುತ್ತದೆ.

ಪಾನಾ_ಹದಿನೇಳು

ಮತ್ತ ಸೈಲೆನ್ಸರ್ ಬಾಯಿಗೆ ತಗಡಿನ ಮುಚ್ಚಳ ಇವತ್ತೇ ಹಾಕ್ರಿ. ಅದಿಲ್ಲದ್ದಕ್ಕೇ ಇಷ್ಟೆಲ್ಲಾ ಆಗಿದ್ದು.